ಕೂಡಲಿಕ್ಕೊಂದು ಜಾಗ

ಅಮೆರಿಕದ ಯೂಟಾ ರಾಜ್ಯದ ಮೋಆಬ್ ಊರಿನ ಸುತ್ತ ಇರುವ ಕೊಳ್ಳಗಳ ಅಂಚಿಗೆ ಚಿತ್ರ ಬರೆಯಲು ಹೋದವರಿಗೆ ಮೊದಲು ಆಗುವ ಗಲಿಬಿಲಿ ಎಂದರೆ, ಕಣ್ಣಿಗೆ ಎಲ್ಲಿಯೂ ಹಿಡಿತ ಸಿಗುವುದಿಲ್ಲ. ಡೆಡ್ ಹಾರ್ಸ್ ಪಾಯಿಂಟಿನಲ್ಲಿ ನಿಂತು ಬಗ್ಗಿ ನೋಡಿದರೆ 2,000 ಅಡಿ ಕೆಳಗೆ ಕೊಲರಾಡೊ ನದಿ ಒಂದು ಬಂಡೆಯ ದಿಬ್ಬವನ್ನು ಸುತ್ತುಹಾಕಿ, ಬಂದ ದಿಕ್ಕಿಗೇ ಹೊರಳಿ ಹರಿಯುತ್ತದೆ. ಅದರಾಚೆ ಕೆಂಪು ಕಲ್ಲಿನ ಹಂತಗಳು, ಹಂತಗಳಾಚೆ ಇನ್ನೊಂದು ಕೊಳ್ಳ, ಪೂರ್ವದ ಅಂಚಿಗೆ 12,000 ಅಡಿ ಮೀರಿದ ಲಾ ಸಾಲ್ ಪರ್ವತಗಳು. ಮುಂದೆ ಯಾವುದು, ನಡುವೆ ಯಾವುದು, ಹಿಂದೆ ಯಾವುದು ಎಂದು ನಿಸರ್ಗಚಿತ್ರ ಬರೆಯುವವನು ಮೊದಲು ಕೇಳಿಕೊಳ್ಳುತ್ತಾನೆ. ಅಲ್ಲಿ ಅದಕ್ಕೆ ಉತ್ತರವೇ ಸಿಗುವುದಿಲ್ಲ. ಕಾಲ ಕೆಳಗಿನ ಬಂಡೆ ಮುಗಿಯಿತೆಂದರೆ ಮುಂದಿನದೆಲ್ಲ ದೂರದ್ದೇ.

ನಾನು ಬಾಗಲಕೋಟೆ ಜಿಲ್ಲೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ವರ್ಷಕ್ಕೊಮ್ಮೆ ಹುಡುಗರನ್ನು ಬಾದಾಮಿಗೆ ಕರೆದುಕೊಂಡು ಹೋಗಿ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕೂಡಿಸುತ್ತಿದ್ದೆ. ಅಲ್ಲಿ ಜಾಗ ಹುಡುಕುವ ಮಾತೇ ಇರಲಿಲ್ಲ. ಮುಂದೆ ನೀರು, ನಡುವೆ ಭೂತನಾಥನ ಗುಡಿ, ಹಿಂದೆ ಕೆಂಪು ಬಂಡೆ. ಯಾರೋ ಎಂದೋ ಚಿತ್ರಕ್ಕೆಂದೇ ಜೋಡಿಸಿಟ್ಟ ಹಾಗೆ ಎಲ್ಲವೂ ಇದ್ದಲ್ಲಿ ಇರುತ್ತಿತ್ತು. ಹಾಗಾಗಿ ಜಾಗ ಆರಿಸುವ ವಿದ್ಯೆ ನನಗೆ ಬರುತ್ತದೆ ಎಂದೇ ನಂಬಿಕೊಂಡಿದ್ದೆ. ನಿಜ ನೋಡಿದರೆ ಆ ಆಯ್ಕೆಯನ್ನು ಬಾದಾಮಿಯೇ ನನ್ನ ಪರವಾಗಿ ಮಾಡಿ ಮುಗಿಸಿತ್ತು.

ಮಗಳು, ಅಳಿಯ ಸಾಲ್ಟ್ ಲೇಕ್ ಸಿಟಿಯ ಹತ್ತಿರ ಇರುತ್ತಾರೆ. ಅವರಲ್ಲಿಗೆ ಹೋಗುವ ಮುಂಚೆಯೇ ಒಂದು ಪಟ್ಟಿ ಬರೆದಿಟ್ಟುಕೊಂಡಿದ್ದೆ: ಡೆಡ್ ಹಾರ್ಸ್ ಪಾಯಿಂಟ್, ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಗ್ರ್ಯಾಂಡ್ ವ್ಯೂ ಪಾಯಿಂಟ್, ಗ್ರೀನ್ ರಿವರ್ ಓವರ್‌ಲುಕ್, ಮೇಸಾ ಆರ್ಚ್, ಆರ್ಚಸ್ ಉದ್ಯಾನದ ಪಾರ್ಕ್ ಅವೆನ್ಯೂ. ಪಟ್ಟಿಯ ಹಿಂದೆ ಇದ್ದದ್ದು ಚಿತ್ರಕಾರ ಥಾಮಸ್ ಮೋರನ್. ಆತ 1873ರಲ್ಲಿ ಅನ್ವೇಷಕ ಜಾನ್ ವೆಸ್ಲಿ ಪಾವೆಲ್ ಜೊತೆ ಗ್ರ್ಯಾಂಡ್ ಕ್ಯಾನ್ಯನ್ ಕಡೆ ಹೋಗಿ ಬಂದು ಬರೆದ ‘ಕೊಲರಾಡೊದ ಕಮರಿ’ ಎಂಬ ತೈಲಚಿತ್ರವನ್ನು ಅಮೆರಿಕದ ಸಂಸತ್ತು 10,000 ಡಾಲರಿಗೆ ಕೊಂಡಿತ್ತು. 7 ಅಡಿ ಎತ್ತರ, 12 ಅಡಿ ಅಗಲದ ಚಿತ್ರ. ಅದರ ಮುದ್ರಿತ ಪ್ರತಿಯನ್ನು ಎಷ್ಟೋ ಹೊತ್ತು ನೋಡುತ್ತ ಕೂತವನು ನಾನು. ಮೋರನ್‌ಗೆ ಆ ಒಂದು ಜಾಗ ಸಿಕ್ಕಿತು, ನನಗೂ ನನ್ನದೊಂದು ಸಿಗುತ್ತದೆ ಎಂದು ಮನಸ್ಸು ಗಟ್ಟಿ ಹೇಳುತ್ತಿತ್ತು. ಆತ ಅಲ್ಲಲ್ಲಿ ಮಾಡಿಕೊಂಡ ಜಲವರ್ಣದ ಟಿಪ್ಪಣಿಗಳನ್ನು ಸ್ಟುಡಿಯೋಕ್ಕೆ ಒಯ್ದು, ಹಲವು ನೋಟಗಳನ್ನು ಕೂಡಿಸಿ ಆ ಚಿತ್ರ ಕಟ್ಟಿದ್ದ ಎಂಬುದನ್ನು ಆಗ ನಾನು ಓದಿಕೊಂಡಿರಲಿಲ್ಲ. ಚಿತ್ರದಲ್ಲಿ ಕಾಣುವ ಹಾಗೇ ಕಾಣುವ ಜಾಗ ನೆಲದ ಮೇಲೆ ಎಲ್ಲಿಯೂ ಇಲ್ಲ. ಇಲ್ಲದ್ದನ್ನು ಹುಡುಕಲು ಹೊರಟಿದ್ದೆ.

ಅಕ್ಟೋಬರ್‌ನಲ್ಲಿ ಮೋಆಬ್‌ಗೆ ಹೋದೆವು. ಬೆಳಕು ಹರಿಯುವ ಮೊದಲೇ ಮಗಳು ಕಾರು ತೆಗೆದು ಮೇಸಾ ಆರ್ಚಿಗೆ ಕರೆದೊಯ್ದಳು. ಸೂರ್ಯ ಮೇಲೇರಿದಾಗ ಕೆಳಗಿನ ಗೋಡೆಗೆ ಬಿದ್ದ ಬೆಳಕು ಪುಟಿದು ಬಂದು ಕಮಾನಿನ ಒಳಮೈಯನ್ನು ಕಿತ್ತಳೆ ಮಾಡಿತು. ಆ ಹೊತ್ತಿಗೆ ಅಲ್ಲಿ ಟ್ರೈಪಾಡ್ ಇಟ್ಟವರ ಸಾಲೇ ನಿಂತಿತ್ತು. ಅವರ ಹೆಗಲುಗಳ ನಡುವೆ ಹಲಗೆ ಎತ್ತಿ ಹಿಡಿದು ನಾಲ್ಕು ಗೆರೆ ಹಾಕುವಷ್ಟರಲ್ಲಿ ಬಣ್ಣ ಇಳಿದುಹೋಗಿತ್ತು. ‘ಇದಲ್ಲ, ಮುಂದಿನದು’ ಎಂದೆ. ಗ್ರೀನ್ ರಿವರ್ ಓವರ್‌ಲುಕ್ಕಿಗೆ ಹೋದೆವು. ಬೆಳಕು ಕೂಡಿಬರಲಿಲ್ಲ. ಗ್ರ್ಯಾಂಡ್ ವ್ಯೂ ಪಾಯಿಂಟಿಗೆ ಹೋಗುವಷ್ಟರಲ್ಲಿ ಹೊತ್ತು ನೆತ್ತಿಗೇರಿ ನೆರಳೆಲ್ಲ ಕಲ್ಲಿನ ಬುಡ ಸೇರಿಕೊಂಡಿತ್ತು. ನೆರಳಿಲ್ಲದ ಕೊಳ್ಳಕ್ಕೆ ಆಳವೂ ಇರುವುದಿಲ್ಲ. ಎಲ್ಲ ಒಂದೇ ಮಾಸಲು ಗುಲಾಬಿ. ಆದರೂ ಈಸೆಲ್ ಹೂಡಿ ಆಕಾಶಕ್ಕೆ ವಾಶ್ ಎಳೆದೆ. ನಮ್ಮ ಕಡೆ ಒದ್ದೆ ಹಾಳೆಯ ಮೇಲೆ ಬಣ್ಣ ಹರಡಲು ಬಿಟ್ಟು ಇನ್ನೊಂದು ಬಣ್ಣ ಕಲೆಸಿಕೊಳ್ಳುವಷ್ಟು ಪುರುಸೊತ್ತಿರುತ್ತದೆ. ಆ ಒಣಗಾಳಿಯಲ್ಲಿ ಕುಂಚ ಹಾಳೆಯ ಆ ತುದಿ ಮುಟ್ಟುವ ಮೊದಲೇ ಈ ತುದಿ ಒಣಗಿ ಗೆರೆ ಬಿದ್ದಿತ್ತು. ಈಸೆಲ್ ಕಿತ್ತುಕೊಂಡು ಮತ್ತೆ ಕಾರು ಹತ್ತಿದೆ.

‘ಅಪ್ಪಾ, ಎಲ್ಲರೆ ಒಂದ್ಕಡೆ ಕೂಡ್ರಿ. ಹೊತ್ತು ಇಳ್ಯಾಕತ್ತೈತಿ,’ ಎಂದಳು ಮಗಳು. ಅವಳ ದನಿಯಲ್ಲಿ ಬೇಸರ ಇರಲಿಲ್ಲ, ಕಾಳಜಿ ಇತ್ತು. ಹಿಂದಿನ ಸೀಟಿನಲ್ಲಿ ಮೊಮ್ಮಗ ಮಲಗಿಬಿಟ್ಟಿದ್ದ. ಅವನಿಗೆ ಬಣ್ಣ ಕಲೆಸಲು ಕಲಿಸುತ್ತೇನೆಂದು ಮಾತು ಕೊಟ್ಟು ಕರೆತಂದಿದ್ದೆ.

ಸಂಜೆ ಡೆಡ್ ಹಾರ್ಸ್ ಪಾಯಿಂಟಿಗೆ ಬಂದೆವು. ಅಂಚಿನ ಉದ್ದಕ್ಕೂ ಕಾಲುದಾರಿ ಇದೆ. ಅಳಿಯಂದಿರು ಮೊಮ್ಮಗನನ್ನು ಎಬ್ಬಿಸುತ್ತಿದ್ದರು, ನಾನು ಸಾಮಾನು ಹೊತ್ತು ಮುಂದೆ ನಡೆದೆ. ಒಂದು ತಿರುವಿನಲ್ಲಿ ದಾರಿಯಿಂದ ಸ್ವಲ್ಪ ಒಳಗೆ ಸೊಟ್ಟಗೆ ಬೆಳೆದ ಜೂನಿಪರ್ ಮರ ಕಂಡಿತು. ಅದನ್ನು ಎಡಕ್ಕೆ ಇಟ್ಟುಕೊಂಡರೆ ಮುಂಭಾಗ ಸಿಕ್ಕಿತು, ನದಿ ನಡುವೆ ಬಂತು, ಹಿಂದೆ ಬೆಟ್ಟ. ಇಡೀ ದಿನ ಹುಡುಕಿದ್ದು ಇದೇ ಎನ್ನಿಸಿ ಎದೆ ಹೊಡೆದುಕೊಳ್ಳತೊಡಗಿತು. ದಾರಿ ಬಿಟ್ಟು ಇಳಿದೆ. ಕಾಲಡಿ ಹಪ್ಪಳ ಮುರಿದ ಹಾಗೆ ಸಣ್ಣಗೆ ಸದ್ದಾಯಿತು. ಕಪ್ಪಗಿನ, ಉಬ್ಬುತಗ್ಗಿನ ಮಣ್ಣು. ಒಣಮಣ್ಣು ಎಂದುಕೊಂಡೆ. ಈಸೆಲ್ಲಿನ ಕಾಲು ಅಲುಗಾಡಿತೆಂದು ಜಾಗ ಬದಲಿಸಿದೆ, ಮರ ಕೊಂಚ ಎಡಕ್ಕೆ ಸರಿಯಲೆಂದು ನಾನೇ ಬಲಕ್ಕೆ ಸರಿದೆ, ಹಿಂದೆ ಹೋಗಿ ನೋಡಿದೆ, ಮುಂದೆ ಬಂದೆ.

ದಾರಿಯಲ್ಲಿ ಹೊರಟಿದ್ದ ಒಬ್ಬ ವಯಸ್ಸಾದ ಹೆಂಗಸು ನಿಂತು, ದಯವಿಟ್ಟು ಅಲ್ಲಾಡಬೇಡಿ ಎಂದರು. ಹಾವು ಇರಬೇಕೆಂದು ಬೆದರಿ ನಿಂತೆ. ನೀವು ಜೀವ ಇರುವ ಮಣ್ಣಿನ ಮೇಲೆ ನಿಂತಿದ್ದೀರಿ, ಹೋದ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟು ವಾಪಸು ಬನ್ನಿ ಎಂದು ಮೆಲ್ಲಗೆ ಹೇಳಿದರು. ಅವರು ರೇಗಲಿಲ್ಲ. ನಾನು ಒಂದೊಂದೇ ಹೆಜ್ಜೆ ಹುಡುಕುತ್ತ ಬರುವವರೆಗೂ ಕಾದರು. ಆಮೇಲೆ ದಾರಿಯ ಪಕ್ಕ ಕೂತು ತೋರಿಸಿದರು. ಆ ಕರಿ ಪದರದಲ್ಲಿ ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿ ಒಟ್ಟಾಗಿ ಬದುಕುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಂಟು ಎಳೆಗಳಿಂದ ಮರಳಿನ ಕಣಗಳನ್ನು ಹೆಣೆದು ಹಿಡಿದಿಡುತ್ತವೆ. ಗಾಳಿಗೆ ಮಣ್ಣು ಹಾರದಂತೆ, ಮಳೆಗೆ ಕೊಚ್ಚಿ ಹೋಗದಂತೆ ಕಾಯುವುದು ಅದೇ. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವುದೂ ಅದೇ. ಒಮ್ಮೆ ತುಳಿದರೆ ಚೇತರಿಸಿಕೊಳ್ಳಲು ಹತ್ತಾರು ವರ್ಷ ಬೇಕು. ನಾನು ಚಿತ್ರದ ಮುಂಭಾಗಕ್ಕೆ ಬೇಕೆಂದು ಆರಿಸಿದ ಜೂನಿಪರ್ ಕೂಡ ಅಂಥ ಮಣ್ಣನ್ನೇ ನಂಬಿ ನಿಂತದ್ದು.

ದಾರಿಯ ಆರಂಭದಲ್ಲಿ ಫಲಕ ಇತ್ತು. ನೋಡಿಯೂ ಓದಿರಲಿಲ್ಲ. ನನ್ನ ಬೂಟಿನ ಗುರುತುಗಳು ಕರಿ ಪದರದಲ್ಲಿ ತಿಳಿ ಕೆಂಪಾಗಿ ಅಚ್ಚೊತ್ತಿದ್ದವು. ಈಸೆಲ್ಲಿನ ಮೂರು ಮೂರು ತೂತುಗಳು, ನಾನು ಹಿಂದೆ ಮುಂದೆ ಓಡಾಡಿದಲ್ಲಿ ಅಗಲವಾಗಿ ಪುಡಿಯಾದ ಜಾಗ. ಅಷ್ಟರಲ್ಲಿ ಮಗಳು, ಅಳಿಯ, ಮೊಮ್ಮಗ ಬಂದರು. ‘ಅಜ್ಜಾ, ಅಲ್ಲಿ ಯಾರ ತುಳದಾರ?’ ಎಂದ ಹುಡುಗ. ‘ನಾನಪ್ಪಾ’ ಎಂದೆ. ಅವನ ಶಾಲೆಯಲ್ಲಿ ಆ ಮಣ್ಣಿನ ಪಾಠ ಆಗಿತ್ತು. ಅವನು ಮುಂದೆ ಏನೂ ಅನ್ನದೆ ನನ್ನ ಕೈ ಹಿಡಿದುಕೊಂಡ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಬಾದಾಮಿಯಲ್ಲಿ ಒಬ್ಬ ಹುಡುಗ ಗುಹೆಗಳ ಹತ್ತಿರದ ಬಂಡೆಯ ಮೇಲೆ ಮೊಳೆಯಿಂದ ತನ್ನ ಹೆಸರು ಕೆತ್ತಿದ್ದ. ಎಲ್ಲರ ಮುಂದೆ ನಿಲ್ಲಿಸಿ ಅವನ ಕಿವಿ ಹಿಂಡಿದ್ದೆ. ಇದು ನಿನ್ನ ಅಜ್ಜನ ಅಜ್ಜನಿಗಿಂತ ಹಿಂದಿನದು, ನಿನ್ನ ನಂತರವೂ ಇರಬೇಕಾದದ್ದು ಎಂದು ದೊಡ್ಡ ದನಿಯಲ್ಲಿ ಹೇಳಿದ್ದೆ. ಅವನಿಗೆ ಮೊಳೆಯೊಂದೇ ಕಂಡಿತ್ತು, ಬಂಡೆ ಕಂಡಿರಲಿಲ್ಲ. ನನಗೆ ಚಿತ್ರವೊಂದೇ ಕಂಡಿತ್ತು. ಆ ರಾತ್ರಿ ಮೋಆಬಿನ ಕೋಣೆಯಲ್ಲಿ ನಿದ್ದೆ ಬಾರದೆ ಅವನ ಮುಖವನ್ನೇ ನೆನೆಯುತ್ತಿದ್ದೆ. ಅಷ್ಟು ಜನರ ಮುಂದೆ ಅವನನ್ನು ನಿಲ್ಲಿಸಬಾರದಿತ್ತು. ಆ ಹೆಂಗಸು ನನಗೆ ಹೇಳಿದ ಹಾಗೆ ಹತ್ತಿರ ಕೂಡಿಸಿಕೊಂಡು, ಬಂಡೆಯನ್ನು ತೋರಿಸಿ ಹೇಳಬಹುದಿತ್ತು.

ಮರುದಿನ ನಾನು ಪಟ್ಟಿ ತೆಗೆಯಲಿಲ್ಲ. ಮಗಳು ಮೋಆಬಿನಿಂದ ಮೇಲಕ್ಕೆ, ಕೊಲರಾಡೊ ನದಿಯ ದಂಡೆಗುಂಟ ಸಾಗುವ 128ನೇ ಹೆದ್ದಾರಿಗೆ ಕಾರು ಹೊರಳಿಸಿದಳು. ಅಲ್ಲಿ ಕೊಳ್ಳದ ಅಂಚಿನಲ್ಲಿ ನಿಲ್ಲುವುದಿಲ್ಲ, ಕೊಳ್ಳದ ತಳದಲ್ಲೇ ಇರುತ್ತೇವೆ. ಕಾರು ನಿಲ್ಲಿಸಲು ಬಿಟ್ಟ ಜಾಗದಲ್ಲಿ, ತುಳಿದು ತುಳಿದು ಗಟ್ಟಿಯಾದ ನೆಲದ ಮೇಲೆ ಮಡಚುವ ಸ್ಟೂಲು ಹಾಕಿಕೊಂಡೆ. ತಲೆಯ ಮೇಲೆ ಕಾಟನ್‌ವುಡ್ ಮರದ ಹಳದಿ ಎಲೆಗಳ ನೆರಳು. ಮುಂದೆ ನದಿಯ ಕೆಂಪು ನೀರು. ಎದುರು ದಂಡೆಯ ಗೋಡೆ ಕಣ್ಣಿನ ಅಳತೆಗೆ ದಕ್ಕುತ್ತಿತ್ತು.

ಆ ಗೋಡೆಯನ್ನು ಬರೆಯುತ್ತ ಹೋದಂತೆ ಅದರ ರಚನೆ ತಿಳಿಯತೊಡಗಿತು. ಹೆಸರುಗಳನ್ನು ಆಮೇಲೆ ಓದಿ ಕಲಿತೆ. ಕೆಳಗೆ ಇಳಿಜಾರಾಗಿ ಸವೆದು ಬೀಳುವ ಮೆದು ಚಿನ್ಲೆ ಪದರ. ಅದರ ಮೇಲೆ ನೆಟ್ಟಗೆ ನಿಂತ ವಿಂಗೇಟ್ ಮರಳುಗಲ್ಲು. ಬುಡದ ಮೆದು ಪದರ ಸವೆದಂತೆಲ್ಲ ಮೇಲಿನ ಕಲ್ಲು ಉದ್ದುದ್ದ ಬಿರುಕುಗಳ ಗುಂಟ ಸೀಳಿ ಬೀಳುತ್ತದೆ, ಅದಕ್ಕೇ ಆ ಗೋಡೆ ಯಾವತ್ತೂ ಲಂಬವಾಗಿ ಉಳಿಯುತ್ತದೆ. ಅದರ ನೆತ್ತಿಗೆ ಮೆಟ್ಟಿಲು ಮೆಟ್ಟಿಲಾದ ಕಯೆಂಟಾ, ಅದಕ್ಕೂ ಮೇಲೆ ಕೆಲವು ಕಡೆ ಗುಂಡಗಿನ ನವಾಹೊ ಕಲ್ಲು. ಇಳಿಜಾರು, ಲಂಬ, ಮೆಟ್ಟಿಲು, ಗುಂಡು. ಈ ನಾಲ್ಕು ಕೋನ ಸರಿ ಬಿದ್ದರೆ ರೇಖೆ ತಾನಾಗಿ ಸರಿ ನಿಲ್ಲುತ್ತದೆ. ಗೋಡೆಯ ಮೇಲಿಂದ ಇಳಿದ ಕರಿ ಪಟ್ಟೆಗಳು ಕಬ್ಬಿಣ, ಮ್ಯಾಂಗನೀಸ್ ಬೆರೆತ ತೆಳು ಲೇಪ. ಬಿಸಿಲು ಬಿದ್ದಾಗ ಅವು ನೀಲಿಯಾಗಿ ಹೊಳೆಯುತ್ತವೆ. ನೆರಳಿನ ಗೋಡೆ ಕಪ್ಪಲ್ಲ. ಎದುರಿನ ಬಿಸಿಲ ಗೋಡೆಯಿಂದ ಪುಟಿದ ಬೆಳಕಿಗೆ ಅದರ ಒಳಗಿನಿಂದ ಕಿತ್ತಳೆ ಬಣ್ಣ ಮೂಡುತ್ತದೆ, ಆಕಾಶಕ್ಕೆ ತೆರೆದ ಕಡೆ ನೇರಳೆ. ಹಿಂದಿನ ದಿನ ಬೆಳಗ್ಗೆ ಮೇಸಾ ಆರ್ಚಿನಲ್ಲಿ ಜನರ ನಡುವೆ ನುಗ್ಗಿ ನೋಡಿದ್ದ ಬೆಳಕೇ ಇಲ್ಲಿ ಯಾರೂ ನಿಲ್ಲದ ಗೋಡೆಯ ಮೇಲೆ ತಾಸುಗಟ್ಟಲೆ ಇತ್ತು.

ಹಾಳೆಯ ಬೆನ್ನಿಗೂ ನೀರು ಹಚ್ಚಿ, ಚಿಕ್ಕ ಅಳತೆಗೆ ಇಳಿದು, ಒಂದೊಂದು ವಾಶನ್ನು ಒಂದೇ ಉಸಿರಿಗೆ ಎಳೆಯುವುದನ್ನು ಅಲ್ಲೇ ಕಲಿತೆ. ಮೊಮ್ಮಗನಿಗೆ ಬರ್ಂಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ಬೆರೆಸಲು ಹೇಳಿಕೊಟ್ಟೆ. ಅವನು ಬೆರೆಸಿದ ಬಣ್ಣ ನನ್ನದಕ್ಕಿಂತ ತಾಜಾ ಇತ್ತು, ಅದನ್ನೇ ಗೋಡೆಗೆ ಹಚ್ಚಿದೆ. ಬಣ್ಣದ ನೀರನ್ನು ನೆಲಕ್ಕೆ ಚೆಲ್ಲಲು ಹೋದ ನನ್ನ ಕೈ ತಡೆದು ಅವನೇ ಬಾಟಲಿ ತಂದ. ಆ ನೀರು ಮನೆಗೆ ಬಂತು.

ಈಗ ಪ್ರತಿಸಲ ಹೋದಾಗಲೂ ಮೊದಲ ದಿನ ಬರೆಯುವುದಿಲ್ಲ. ಹೊತ್ತು ಹೊತ್ತಿಗೆ ಹೋಗಿ, ಬಿಸಿಲು ಯಾವ ಗೋಡೆಗೆ ಎಷ್ಟೊತ್ತಿಗೆ ಬಂದು ಎಷ್ಟೊತ್ತಿಗೆ ಹೋಗುತ್ತದೆ ಎಂದು ಬರೆದಿಟ್ಟುಕೊಳ್ಳುತ್ತೇನೆ. ಆಳದ ಕೊಳ್ಳಕ್ಕೆ ಬಿಸಿಲು ತಡವಾಗಿ ಬರುತ್ತದೆ, ಬೇಗ ಹೋಗುತ್ತದೆ. ನಿಲ್ಲಲು ಬರಿಯ ಬಂಡೆ ಅಥವಾ ಒಣ ಹಳ್ಳದ ಮರಳು ನೋಡುತ್ತೇನೆ. ಹಳ್ಳವಾದರೆ ಮೊದಲು ಮೇಲಿನ ಸೀಮೆಯ ಮೋಡ ನೋಡಬೇಕು, ಎಲ್ಲೋ ದೂರ ಬಿದ್ದ ಮಳೆ ಇಲ್ಲಿ ಬಿಸಿಲಿದ್ದಾಗಲೇ ಹೊನಲಾಗಿ ಬಂದುಬಿಡುತ್ತದೆ. ಪ್ರೊವೊದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿ ಮೇನಾರ್ಡ್ ಡಿಕ್ಸನ್‌ನ ಚಿತ್ರಗಳಿವೆ, ಸಾಧ್ಯವಾದಾಗ ಹೋಗಿ ನೋಡುತ್ತೇನೆ. ಆತ ಜಾಯನ್ ಕಣಿವೆಯ ಹತ್ತಿರದ ಮೌಂಟ್ ಕಾರ್ಮೆಲ್‌ನಲ್ಲಿ 1939ರಲ್ಲಿ ಮನೆ ಕಟ್ಟಿಕೊಂಡು, ಅಂಗಳದಿಂದಲೇ ಕಾಣುವ ಕಾಟನ್‌ವುಡ್ ಮರಗಳನ್ನು ಬರೆದ.

ಡೆಡ್ ಹಾರ್ಸ್ ಪಾಯಿಂಟಿನ ಚಿತ್ರ ನನ್ನಿಂದ ಇನ್ನೂ ಆಗಿಲ್ಲ. ಬರುವ ಅಕ್ಟೋಬರ್‌ನಲ್ಲಿ ಮೊಮ್ಮಗನ ಜೊತೆ ಮತ್ತೆ ಹೋಗುವುದೆಂದು ಮಾತಾಗಿದೆ. ಈಸೆಲ್ ಬೇಡ, ಪೆನ್ಸಿಲ್ ಮತ್ತು ಸಣ್ಣ ಪುಸ್ತಕ ಸಾಕು ಎಂದಿದ್ದೇನೆ. ನದಿಯ ಒಂದು ಬಳಸನ್ನು ಅವನು ಬರೆಯುತ್ತಾನೆ, ಇನ್ನೊಂದನ್ನು ನಾನು.