ಗಡಿಪಾರಾಗದ ಮಾತುಗಳು

ಕಹಿ ನಾಲಿಗೆಯದೋ ಮನಸ್ಸಿನದೋ? ಗ್ರೀಕರು ಎರಡನ್ನೂ ಒಂದೇ ಬೇರಿನ ಮಾತಿನಿಂದ ಹೇಳುತ್ತಾರೆ. 'ಪಿಕ್ರೋಸ್' ಎಂದರೆ ಕಹಿಯಾದದ್ದು. 'ಪಿಕ್ರಾ' ಎಂದರೆ ಎದೆಯಲ್ಲಿ ಉಳಿದ ನೋವು. ಅವರ 'ಕೈಮೋಸ್' ಎಂಬ ದುಃಖ ಸುಡುವುದರಿಂದ ಹುಟ್ಟಿದ ಪದ. 'ಸ್ತೆನೋಹೋರಿಯಾ' ಎಂಬ ದುಃಖದ ಮೂಲಾರ್ಥ ಇಕ್ಕಟ್ಟಾದ ಜಾಗ. ಉರ್ದುವನ್ನೂ ಕನ್ನಡವನ್ನೂ ಶಾಲೆಯಲ್ಲಿ ಕಲಿತ ನಮಗೆ ಇದು ಪರಕೀಯವೆನಿಸುವುದಿಲ್ಲ. ಉರ್ದುವಿನ 'ತಂಗ್' ಎಂದರೂ ಇಕ್ಕಟ್ಟೇ, ಸಂಸ್ಕೃತದಿಂದ ಬಂದ 'ಸಂಕಟ'ದ ಹಳೆಯ ಅರ್ಥವೂ ಅದೇ.

ಪ್ರಾಚೀನ ಗ್ರೀಕ್ ವೈದ್ಯರು ವಿಷಾದವನ್ನು 'ಮೆಲಂಖೋಲಿಯಾ' ಎಂದರು. ಅಂದರೆ ಕಪ್ಪು ಪಿತ್ತ. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಎಂಬ ಕ್ರೈಸ್ತ ವಿದ್ವಾಂಸರು ಗ್ಯಾಲೆನ್‌ನ ವೈದ್ಯಗ್ರಂಥಗಳನ್ನು ಅರಬಿಗೆ ತಂದರು. ಕಪ್ಪು ಪಿತ್ತಕ್ಕೆ ಅರಬಿಯಲ್ಲಿ 'ಸೌದಾ' ಎಂದು ಹೆಸರಾಯಿತು. ನಮ್ಮ ಯುನಾನಿ ಹಕೀಮರು ಇಂದಿಗೂ ಈ ಮಾತನ್ನು ಬಳಸುತ್ತಾರೆ. 'ಯುನಾನಿ' ಎಂದರೇ ಗ್ರೀಕರದು ತಾನೇ? ಅದೇ ಸೌದಾ ತುರ್ಕಿಯಲ್ಲಿ 'ಸೆವ್ದಾ' ಎಂಬ ಪ್ರೇಮವಾಗಿ, ಮತ್ತೆ ಗ್ರೀಕರ ಬಾಯಿಗೆ 'ಸೆವ್ದಾಸ್' ಆಗಿ ಮರಳಿತು. ಫಾರಸಿಯ 'ದರ್ದ್' ಕೂಡ ತುರ್ಕಿಯ ದಾರಿಯಲ್ಲೇ ಹೋಗಿ ಅಲ್ಲಿ 'ದೆರ್ತಿ' ಆಯಿತು.

ಮಾತುಗಳು ಹೀಗೆ ಓಡಾಡಿಕೊಂಡಿದ್ದ ನೆಲದಲ್ಲಿ ಮನುಷ್ಯರನ್ನು ಬೇರ್ಪಡಿಸಲಾಯಿತು. 1923ರ ಜನವರಿಯಲ್ಲಿ ಲೊಸಾನ್‌ನಲ್ಲಿ ಗ್ರೀಸ್ ಮತ್ತು ತುರ್ಕಿ ಜನರ ವಿನಿಮಯಕ್ಕೆ ಸಹಿ ಹಾಕಿದವು. ಯುದ್ಧಕ್ಕೆ ಹೆದರಿ ಮೊದಲೇ ಓಡಿಬಂದವರೂ ಸೇರಿ ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿಗೆ ಬಂದರು. ಸುಮಾರು ಮೂರೂವರೆ ಲಕ್ಷ ಮುಸ್ಲಿಮರು ಗ್ರೀಸ್ ಬಿಟ್ಟರು. ಕೇಳಿದ್ದು ಧರ್ಮವನ್ನು, ಭಾಷೆಯನ್ನಲ್ಲ. ಗ್ರೀಕ್ ಮಾತಾಡುವ ಕ್ರೀಟ್ ದ್ವೀಪದ ಮುಸ್ಲಿಮರು ತುರ್ಕಿಗೆ ಹೋಗಬೇಕಾಯಿತು. ತುರ್ಕಿ ಬಿಟ್ಟು ಬೇರೆ ಭಾಷೆ ಬಾರದ ಎಷ್ಟೋ ಕ್ರೈಸ್ತರು ಗ್ರೀಸಿಗೆ ಬಂದಿಳಿದರು. ಹೊಸ ಊರಿನಲ್ಲಿ ಇಬ್ಬರೂ ಪರಕೀಯರೇ.

ನಿರಾಶ್ರಿತರು ತಮ್ಮ ಹಾಡುಗಳನ್ನೂ ತಂದರು. ಆ ಹಾಡುಗಳಲ್ಲಿ 'ಅಮಾನ್, ಅಮಾನ್' ಎಂಬ ಮೊರೆಯಿತ್ತು, ದೆರ್ತಿ ಇತ್ತು. 1936ರಲ್ಲಿ ಅಧಿಕಾರ ಹಿಡಿದ ಮೆಟಾಕ್ಸಸ್ ಸರ್ಕಾರ ಪೂರ್ವದ ಧಾಟಿಯ ಹಾಡುಗಳ ಮೇಲೆ ಸೆನ್ಸಾರ್ ಹೇರಿತು. ಆದರೂ ದೆರ್ತಿ ಗ್ರೀಕ್ ಭಾಷೆಯಿಂದ ಹೋಗಲಿಲ್ಲ. ಹೊರಹಾಕಿದವರ ಮಾತಿನಲ್ಲಿಯೇ ಬಂದವರು ಅತ್ತರು.

ಕನ್ನಡಕ್ಕೂ ಬಂದ ಅದೇ ದರ್ದ್ ಇಲ್ಲಿ 'ಜರೂರು' ಎಂಬ ಅರ್ಥ ಪಡೆಯಿತು. 'ನನಗೇನು ದರ್ದು?' ಎನ್ನುತ್ತೇವೆ, ನನಗೇಕೆ ಬೇಕು ಎಂಬಂತೆ. ಇನ್ನೊಬ್ಬರ ನೋವಿನ ಮುಂದೆ ನಿಂತು ಹಾಗೆನ್ನುವಾಗ, ನಾವು ಆಡುತ್ತಿರುವುದೂ ನೋವಿನ ಹೆಸರನ್ನೇ ಎಂಬುದು ನೆನಪಿರಲಿ.