ಡ್ರಮ್ ಮಿಕ್ಸರ್‌ನಲ್ಲಿ ಇರೋದು ಡ್ರಮ್ ಅಲ್ಲ, ಮೈಕು

ರೂಮಲ್ಲೇ ಸ್ಟುಡಿಯೋ, ಭಾಗ 7

(1/4)
ವರ್ಚುವಲ್ ಡ್ರಮ್ ಸಾಫ್ಟ್‌ವೇರ್ ತೆಗೆದ ತಕ್ಷಣ ಎಲ್ಲರ ಕಣ್ಣು ಹೋಗೋದು ಆ ಚಂದದ ಡ್ರಮ್ ಸೆಟ್ ಚಿತ್ರದ ಮೇಲೆ. ಸ್ನೇರ್ ಮೇಲೆ ಕ್ಲಿಕ್ ಮಾಡಿದ್ರೆ ಟಪ್, ಸಿಂಬಲ್ ಮೇಲೆ ಕ್ಲಿಕ್ ಮಾಡಿದ್ರೆ ಝಣ್. ಖುಷಿ ಆಗುತ್ತೆ. ಪಕ್ಕದಲ್ಲೇ ‘ಮಿಕ್ಸರ್’ ಅಂತ ಒಂದು ಟ್ಯಾಬ್ ಇರುತ್ತೆ. ತುಂಬಾ ಜನ ಅದನ್ನ ತೆಗೆದು, ಅಷ್ಟೊಂದು ಫೇಡರ್ ನೋಡಿ, ಹಾಗೇ ಮುಚ್ಚಿಬಿಡ್ತಾರೆ. ಇವತ್ತಿನ ಭಾಗ ಆ ಟ್ಯಾಬ್ ಬಗ್ಗೆ.

ಮೊದಲು ಒಂದು ವಿಷ್ಯ ತಲೇಲಿ ಕೂರಬೇಕು. ಈ ಸಾಫ್ಟ್‌ವೇರ್‌ಗಳಲ್ಲಿರೋ ಸದ್ದು ಕಂಪ್ಯೂಟರ್ ಹುಟ್ಟಿಸಿದ್ದಲ್ಲ. ಯಾರೋ ಒಬ್ಬ ಡ್ರಮ್ಮರ್ ನಿಜವಾದ ಸ್ಟುಡಿಯೋದಲ್ಲಿ ಕೂತು, ಒಂದೊಂದು ಡ್ರಮ್ಮನ್ನೂ ಮೆತ್ತಗೆ, ಜೋರಾಗಿ, ಇನ್ನೂ ಜೋರಾಗಿ ಬಾರಿಸಿದ್ದು. ಸುತ್ತ ಇಟ್ಟ ಮೈಕುಗಳೆಲ್ಲ ಆ ಪೆಟ್ಟುಗಳನ್ನ ಹಿಡಿದಿವೆ. 2017ರಲ್ಲಿ ಬಂದ ಸುಪೀರಿಯರ್ ಡ್ರಮ್ಮರ್ 3 ತಗೊಳ್ಳಿ. ಅದರ ಸದ್ದುಗಳನ್ನ ಬೆಲ್ಜಿಯಂನ ಗ್ಯಾಲಕ್ಸಿ ಸ್ಟುಡಿಯೋಸ್‌ನಲ್ಲಿ ರೆಕಾರ್ಡ್ ಮಾಡಿದವರು ಜಾರ್ಜ್ ಮ್ಯಾಸೆನ್‌ಬರ್ಗ್. ನಾವು ದಿನಾ ಬಳಸೋ ಪ್ಯಾರಾಮೆಟ್ರಿಕ್ ಈಕ್ವಲೈಸರ್ ಬಗ್ಗೆ 1972ರಲ್ಲೇ ಪ್ರಬಂಧ ಬರೆದ ಮನುಷ್ಯ. ಆ ಸದ್ದುಗಳ ಲೈಬ್ರರಿ ಒಟ್ಟು 230 ಜಿಬಿಗಿಂತ ಜಾಸ್ತಿ!

ಹಾಗಾಗಿ ಮಿಕ್ಸರ್‌ನಲ್ಲಿ ಕಾಣೋ ಫೇಡರ್‌ಗಳು ಡ್ರಮ್‌ಗಳದ್ದಲ್ಲ, ಮೈಕುಗಳದ್ದು. ಕಿಕ್ ಒಳಗಿನ ಮೈಕು, ಕಿಕ್ ಹೊರಗಿನದು, ಸ್ನೇರ್ ಮೇಲಿನದು, ಸ್ನೇರ್ ಕೆಳಗಿನದು, ಹೈಹ್ಯಾಟ್, ಟಾಮ್‌ಗಳು, ತಲೆ ಮೇಲೆ ತೂಗೋ ಎರಡು ಓವರ್‌ಹೆಡ್, ದೂರದಲ್ಲಿ ನಿಂತ ರೂಮ್ ಮೈಕು. (ಚಿಕ್ಕ ಫ್ರೀ ಸಾಫ್ಟ್‌ವೇರ್‌ಗಳಲ್ಲಿ ಚಾನೆಲ್ ಕಡಿಮೆ ಇರಬಹುದು.) ಒಮ್ಮೆ ಸ್ನೇರ್ ಫೇಡರ್‌ಗಳನ್ನ ಪೂರ್ತಿ ಕೆಳಗೆ ಎಳೆದು ನೋಡಿ. ಸ್ನೇರ್ ಇನ್ನೂ ಕೇಳಿಸ್ತಾನೇ ಇರುತ್ತೆ! ಯಾಕಂದ್ರೆ ಅದು ಓವರ್‌ಹೆಡ್‌ಗೂ ಬಿದ್ದಿದೆ, ರೂಮಿಗೂ ಬಿದ್ದಿದೆ. ಇದಕ್ಕೆ ಬ್ಲೀಡ್ ಅಂತಾರೆ.

(2/4)
ಈಗ ನನಗೆ ಇದೆಲ್ಲ ಯಾಕೆ ಬೇಕಾಯ್ತು ಅಂತ ಹೇಳ್ತೀನಿ.

ನಮ್ಮ ಬ್ಯಾಂಡ್ ಹಾಡೊಂದು ಮೂರು ವರ್ಷದಿಂದ ಅರ್ಧಕ್ಕೇ ನಿಂತಿತ್ತು. ಫೈನಲ್ ಸೆಮ್ ಮುಗೀತು, ಡ್ರಮ್ಮರ್‌ಗೆ ಪುಣೆಯಲ್ಲಿ ಕೆಲಸ ಸಿಕ್ತು. ಹೊರಡೋ ಹಿಂದಿನ ವಾರ ಒಂದು ಜ್ಯಾಮ್ ರೂಮಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಎಲೆಕ್ಟ್ರಾನಿಕ್ ಕಿಟ್ ಮೇಲೆ ಪೂರ್ತಿ ಹಾಡು ಬಾರಿಸಿ, ಮಿಡಿ ಫೈಲ್ ನನ್ನ ಕೈಗೆ ಕೊಟ್ಟು ಹೋದ. ಜೊತೆಗೆ ಒಂದು ಮಾತೂ ಹೇಳಿದ್ದ: ‘ಮಗಾ, ಕೊನೆಗೆ ಲೂಪ್ ಥರ ಕೇಳಿಸಿದ್ರೆ ನನ್ನ ಹೆಸರು ಹಾಕ್ಬೇಡ.’

ಮಿಡಿ ಫೈಲಲ್ಲಿ ಸದ್ದು ಇರಲ್ಲ. ಯಾವ ಡ್ರಮ್ಮು, ಯಾವ ಕ್ಷಣ, ಎಷ್ಟು ಜೋರು ಅಷ್ಟೇ. ಜೋರಿಗೆ ವೆಲಾಸಿಟಿ ಅಂತ ಹೆಸರು, 1ರಿಂದ 127ರವರೆಗೆ. ಅವನ ಫೈಲ್ ತೆಗೆದು ನೋಡಿದೆ. ದೊಡ್ಡ ಪೆಟ್ಟುಗಳು 110ರ ಮೇಲೆ. ಅವುಗಳ ನಡುವೆ 25, 30ರಲ್ಲಿ ಪಿಸುಗುಟ್ಟೋ ಘೋಸ್ಟ್ ನೋಟ್‌ಗಳು. ಅವನ ಕೈ ಅಂದ್ರೆ ಆ ಪಿಸುಮಾತೇ.

ಆದ್ರೆ ಸಾಫ್ಟ್‌ವೇರ್ ಜೊತೆ ಬಂದ ಪ್ರೀಸೆಟ್‌ನಲ್ಲಿ ಅದನ್ನ ಪ್ಲೇ ಮಾಡಿದ್ರೆ ಎಲ್ಲ ಒಂದೇ ಮಟ್ಟ. ಪ್ರೀಸೆಟ್ ಮಾಡಿರೋದೇ ಮೊದಲ ಸಲ ಕೇಳಿದವರು ‘ವಾವ್’ ಅನ್ನಲಿ ಅಂತ. ಇಡೀ ಕಿಟ್ ಮೇಲೆ ಗಟ್ಟಿ ಕಂಪ್ರೆಸರ್, ಮೇಲೆ ದೊಡ್ಡ ರೂಮು. ಕಂಪ್ರೆಸರ್ ದೊಡ್ಡ ಪೆಟ್ಟನ್ನ ಅದುಮುತ್ತೆ, ಆಮೇಲೆ ಒಟ್ಟು ಮಟ್ಟ ಏರಿಸಿದಾಗ ಸಣ್ಣ ಪೆಟ್ಟೂ ಮೇಲೆ ಬರುತ್ತೆ. 25ಕ್ಕೂ 110ಕ್ಕೂ ಇದ್ದ ಅಂತರ ಕರಗಿಹೋಗುತ್ತೆ. ಅಂದ್ರೆ ಅವನೇ ಕರಗಿಹೋಗ್ತಾನೆ.

(3/4)
ಸರಿ, ಬಿಚ್ಚಿ ಕಟ್ಟೋಣ. ಮೂರನೇ ಸ್ಲೈಡ್‌ನಲ್ಲಿ ಸ್ಕ್ರೀನ್‌ಶಾಟ್ ಇದೆ, ನೋಡ್ತಾ ಓದಿ.

ಮೊದಲು ಮಿಕ್ಸರ್‌ನಲ್ಲಿರೋ ಎಫೆಕ್ಟ್ ಎಲ್ಲ ಆಫ್. ಎಲ್ಲ ಫೇಡರ್ ಕೆಳಗೆ.

ಮೊದಲು ಏರಿಸೋದು ಓವರ್‌ಹೆಡ್. ಇಡೀ ಕಿಟ್‌ನ ಚಿತ್ರ ಸಿಗೋದು ಅಲ್ಲೇ. ಅದೊಂದರಲ್ಲೇ ಹಾಡು ನಡೆಯೋ ಹಾಗಿದ್ರೆ ಅರ್ಧ ಕೆಲಸ ಮುಗೀತು. ದೂರದ ಮೈಕಿಗೆ ಎಷ್ಟು ತಾಕತ್ತಿದೆ ಅಂತ ಅನುಮಾನ ಇದ್ರೆ ಲೆಡ್ ಝೆಪ್ಪೆಲಿನ್‌ನ ‘ವೆನ್ ದ ಲೆವೀ ಬ್ರೇಕ್ಸ್’ ಕೇಳಿ, 1971ರದ್ದು. ಇಂಗ್ಲೆಂಡ್‌ನ ಹೆಡ್ಲಿ ಗ್ರೇಂಜ್ ಅನ್ನೋ ಹಳೇ ಮನೇಲಿ ಡ್ರಮ್ಸ್ ಮೆಟ್ಟಿಲ ಬುಡದಲ್ಲಿ, ಎರಡು ಮೈಕು ಮೇಲ್ಗಡೆ ಮೆಟ್ಟಿಲ ಹತ್ರ. ಆ ಬೆಟ್ಟದಂಥ ಸದ್ದು ಬಂದಿದ್ದು ಹಾಗೆ.

ಆಮೇಲೆ ಕಿಕ್, ಆಮೇಲೆ ಸ್ನೇರ್. ಹತ್ತಿರದ ಮೈಕು ಇರೋದು ಓವರ್‌ಹೆಡ್‌ನಲ್ಲಿ ಕಮ್ಮಿ ಬಿದ್ದಿದ್ದನ್ನ ತುಂಬೋಕೆ. ಸೋಲೋ ಬಟನ್ ಒತ್ತಿಕೊಂಡು ಸ್ನೇರನ್ನ ಅರ್ಧ ಗಂಟೆ ಚಂದ ಮಾಡೋದು ಬೇಡ. ಹಾಡಲ್ಲಿ ಅದು ಯಾವತ್ತೂ ಒಂಟಿಯಾಗಿ ಇರಲ್ಲ. ಏನಾದ್ರೂ ಕೇಳಿಸ್ತಿಲ್ಲ ಅನ್ನಿಸಿದ್ರೆ ಅದನ್ನ ಏರಿಸೋ ಮೊದಲು, ಅದಕ್ಕೆ ಅಡ್ಡ ನಿಂತಿರೋದನ್ನ ಇಳಿಸಿ. ಎಲ್ಲರೂ ಕೂಗಿದ್ರೆ ಯಾರ ಮಾತೂ ಕೇಳಿಸಲ್ಲ ತಾನೇ? 6 ಡೆಸಿಬೆಲ್ ಇಳಿಸಿದ್ರೆ ಸಿಗ್ನಲ್‌ನ ಎತ್ತರ ಅರ್ಧ ಆಗುತ್ತೆ, ಹಾಗಾಗಿ ಒಂದೆರಡು ಡೆಸಿಬೆಲ್‌ನಲ್ಲೇ ಆಟ ಆಡಿ. ಮಾಸ್ಟರ್ ಮೀಟರ್ -6ರ ಆಸುಪಾಸಲ್ಲಿ ಇರಲಿ. ಉಳಿದ ವಾದ್ಯಗಳಿಗೂ ಜಾಗ ಬೇಕು.

ಪ್ಯಾನ್: ಬಲಗೈ ಡ್ರಮ್ಮರ್‌ಗೆ ಹೈಹ್ಯಾಟ್ ಎಡಗಡೆ ಇರುತ್ತೆ, ಎದುರು ಕೂತ ನಮಗೆ ಬಲಗಡೆ. ಯಾವ ಕಡೆಯಿಂದ ನೋಡ್ತೀರೋ ನಿಮ್ಮಿಷ್ಟ. ಆದ್ರೆ ಓವರ್‌ಹೆಡ್‌ನಲ್ಲಿ ಹೈಹ್ಯಾಟ್ ಬಲಕ್ಕೆ, ಅದರ ಸ್ವಂತ ಮೈಕು ಎಡಕ್ಕೆ ಆದ್ರೆ ಕಿವಿಗೆ ಗೊಂದಲ.

ಫೇಸ್: ಸದ್ದು ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತೆ. ಅಂದ್ರೆ ಮೈಕು 1 ಮೀಟರ್ ದೂರ ಇದ್ರೆ ಸದ್ದು ಹತ್ತಿರತ್ರ 3 ಮಿಲಿಸೆಕೆಂಡ್ ತಡ. ಇನ್ನೊಂದು, ಕೋಲು ಬಿದ್ದಾಗ ಸ್ನೇರ್ ಚರ್ಮ ಮೇಲಿನ ಮೈಕಿಂದ ದೂರ ಹೋಗುತ್ತೆ, ಕೆಳಗಿನ ಮೈಕಿನ ಕಡೆ ಬರುತ್ತೆ. ಎರಡೂ ಒಂದಕ್ಕೊಂದು ಉಲ್ಟಾ. ಹಾಗೇ ಕೂಡಿದ್ರೆ ಸ್ನೇರ್‌ನ ಹೊಟ್ಟೆ ಖಾಲಿ. ಕೆಳಗಿನ ಮೈಕಿನ ಚಾನೆಲ್‌ನಲ್ಲಿ ಸೊನ್ನೆಗೆ ಅಡ್ಡಗೆರೆ ಎಳೆದ ಚಿಹ್ನೆ ಇದ್ರೆ ಒಮ್ಮೆ ಒತ್ತಿ ಕೇಳಿ. ಯಾವುದರಲ್ಲಿ ಸದ್ದು ದಪ್ಪ ಇದೆಯೋ ಅದೇ ಸರಿ. ಬಹಳಷ್ಟು ಕಿಟ್‌ಗಳಲ್ಲಿ ಇದನ್ನ ಮೊದಲೇ ಸರಿ ಮಾಡಿರ್ತಾರೆ, ಆದ್ರೂ ಕಿವಿಯಲ್ಲಿ ನೋಡಿಕೊಳ್ಳೋದು ವಾಸಿ.

(4/4)
ಇನ್ನು ಉಳಿದಿದ್ದು ರೂಮ್ ಮೈಕು. ಡೊಳ್ಳು ದೂರದ ಬೀದೀಲಿ ಬರ್ತಿರುವಾಗ ನಮಗೆ ಕೋಲಿನ ಚಟ್ ಕೇಳಿಸಲ್ಲ, ಬರೀ ಧುಂ ಧುಂ ಬರುತ್ತೆ. ಹತ್ತಿರ ಬಂದಂಗೆ ಕೋಲು ಸ್ಪಷ್ಟ. ರೂಮ್ ಫೇಡರ್ ಮಾಡೋದು ಅದನ್ನೇ, ಡ್ರಮ್ಮರನ್ನ ದೂರ, ಹತ್ತಿರ ಮಾಡುತ್ತೆ. ಒಂದು ಕಾಲದಲ್ಲಿ ಇದೇ ಫ್ಯಾಷನ್ ಆಗಿತ್ತು. ಪೀಟರ್ ಗೇಬ್ರಿಯಲ್‌ನ 1980ರ ಆಲ್ಬಮ್‌ಗೆ ಫಿಲ್ ಕಾಲಿನ್ಸ್ ಬಾರಿಸುವಾಗ, ಮಾತಾಡೋಕಂತ ರೂಮಲ್ಲಿ ಇಟ್ಟಿದ್ದ ಮೈಕಿನಿಂದ, ಗಟ್ಟಿ ಕಂಪ್ರೆಸರ್ ದಾಟಿ ಡ್ರಮ್ ಸದ್ದು ಬಂತು. ಎಂಜಿನಿಯರ್ ಹ್ಯೂ ಪ್ಯಾಡ್ಗಮ್ ಅದಕ್ಕೆ ಗೇಟ್ ಸೇರಿಸಿದ್ರು. ದೊಡ್ಡದಾಗಿ ಅರಳಿ ತಟ್ಟಂತ ನಿಲ್ಲೋ ಆ ಸದ್ದು, 1981ರ ‘ಇನ್ ದಿ ಏರ್ ಟುನೈಟ್’ ಆದ್ಮೇಲೆ ಲೋಕಕ್ಕೆಲ್ಲ ಗೊತ್ತಾಯ್ತು.

ನಮ್ಮ ಹಾಡಿಗೆ ಅಷ್ಟು ಬೇಡ ಅನ್ನಿಸ್ತು. ಚರಣದಲ್ಲಿ ರೂಮ್ ಫೇಡರ್ ಹೆಚ್ಚುಕಮ್ಮಿ ತಳಕ್ಕೆ ಇಟ್ಟೆ. ಘೋಸ್ಟ್ ನೋಟ್‌ಗಳು ಕಿವಿ ಪಕ್ಕ ಬಂದು ಕೂತ್ವು. ಕೊನೆಯ ಪಲ್ಲವೀಲಿ ಮಾತ್ರ ಮೆಲ್ಲಗೆ ಏರಿಸ್ತಾ ಹೋದೆ. ಕಂಪ್ರೆಸರನ್ನ ರೂಮ್ ಚಾನೆಲ್‌ಗಷ್ಟೇ ಹಾಕಿದೆ, ಹತ್ತಿರದ ಮೈಕುಗಳನ್ನ ಮುಟ್ಟಲಿಲ್ಲ. ಅವನ ಒಂದೂ ವೆಲಾಸಿಟಿ ಬದಲಾಯಿಸಲಿಲ್ಲ. ಎರಡನೇ ಚರಣದಲ್ಲಿ ಒಂದು ಕಿಕ್ ಸ್ವಲ್ಪ ಮುಂಚೆ ಬಿದ್ದಿದೆ. ಅದನ್ನೂ ಗ್ರಿಡ್‌ಗೆ ಎಳೀಲಿಲ್ಲ.

ಕಳಿಸಿದ ಮೂರು ದಿನಕ್ಕೆ ವಾಯ್ಸ್ ನೋಟ್ ಬಂತು, ಹಿಂದೆ ಬಸ್ಸಿನ ಸದ್ದು. ‘ಆ ಎರಡನೇ ಚರಣದ ಕಿಕ್ಕು ಹಾಗೇ ಬಿಟ್ಟಿದ್ದೀಯಲ್ಲೋ. ನಾನು ಅಲ್ಲಿ ಯಾವಾಗ್ಲೂ ಓಡ್ತೀನಿ. ಹೆಸರು ಹಾಕು, ಸ್ಪೆಲ್ಲಿಂಗ್ ಸರಿಯಾಗಿ ಹಾಕು.’

ಅಡುಗೆಮನೆ ಮಿಕ್ಸೀಲಿ ಎಲ್ಲ ಅರೆದು ಚಟ್ನಿ ಆಗುತ್ತೆ. ಈ ಮಿಕ್ಸರ್‌ನಿಂದ ಬರಬೇಕಾದ್ದು ಕೋಸಂಬರಿ. ಬೇಳೆ ಬೇಳೆಯಾಗೇ, ಸೌತೆಕಾಯಿ ಸೌತೆಕಾಯಿಯಾಗೇ ಇರಬೇಕು, ಆದ್ರೂ ಬಾಯಲ್ಲಿ ಒಂದೇ ರುಚಿ.

ಈ ವಾರದ ಕೆಲಸ: ನಿಮ್ಮ ಯಾವುದಾದ್ರೂ ಹಳೇ ಪ್ರಾಜೆಕ್ಟ್ ತೆಗೆದು, ಕಾಪಿ ಮಾಡ್ಕೊಂಡು, ಓವರ್‌ಹೆಡ್‌ನಿಂದ ಮತ್ತೆ ಕಟ್ಟಿ. ಹಳೇದು, ಹೊಸದು ಎರಡನ್ನೂ ಒಂದೇ ವಾಲ್ಯೂಮ್‌ಗೆ ತಂದು ಹೋಲಿಸಿ, ಇಲ್ಲಾಂದ್ರೆ ಜೋರಾಗಿರೋದೇ ಚೆನ್ನಾಗಿದೆ ಅನ್ಸುತ್ತೆ. ಕಿವಿಗೆ ಇಯರ್‌ಫೋನ್ ಇದ್ರೂ ಸಾಕು. ಏನು ಕೇಳಿಸ್ತು ಅಂತ ಕಾಮೆಂಟ್‌ನಲ್ಲಿ ಬರೀರಿ, ಒಂದೊಂದಕ್ಕೂ ಉತ್ತರ ಕೊಡ್ತೀನಿ.

ಭಾಗ 8: ಬೇಸ್ ಗಿಟಾರ್ ಮತ್ತು ಕಿಕ್, ಇಬ್ಬರಿಗೂ ಒಂದೇ ಕುರ್ಚಿ.

#ರೂಮಲ್ಲೇಸ್ಟುಡಿಯೋ #ಡ್ರಮ್ಸ್ #ಮಿಕ್ಸಿಂಗ್ #ಕನ್ನಡಇಂಡೀ