ಪದಬಂಧ ಎಲ್ಲಾ ಕಡೆ ಸಿಗ್ತೈತಿ, ಕರಿಯಾ ಸಿಗಂಗಿಲ್ಲ

ನಾಯಿ ಸಲುವಾಗಿ ಈಕಿ ಮಗನ ಮನಿಗೆ ಹೋಗ್ಲಿಲ್ಲಂತ ಓಣ್ಯಾಗ ಮಾತು ನಡದೈತಿ. ನನ್ನ ನಾದಿನಿಯಂತೂ ಗದಗದಿಂದ ಫೋನ್ ಮಾಡಿ, ‘ವೈನಿ, ಖರೇ ಏನ್ರೀ?’ ಅಂತ ಕೇಳಿದ್ಲು. ಖರೇ ಐತ್ರೀ. ಒಬ್ಬೊಬ್ಬರಿಗೆ ಹೇಳಿ ಸಾಕಾಗೇತಿ, ಅದಕ್ಕ ಒಮ್ಮೆ ಬರದ ಬಿಡ್ತೇನಿ.

ನಮ್ಮ ಮನ್ಯಾಗ ಮುಂಜಾನೆ ಅಂದ್ರ ಎರಡು ಕೆಲಸ. ನಾಯಿಗೋಳಿಗೆ ಹಾಲಿನ್ಯಾಗ ರೊಟ್ಟಿ ಮುರದ ಹಾಕೂದು, ಆಮ್ಯಾಲ ಪೇಪರಿನ ಪದಬಂಧ. ನಮ್ಮನಿಯವ್ರು ಕಟ್ಟಿ ಮ್ಯಾಲ ಪೆನ್ಸಿಲ್ ಹಿಡಕೊಂಡು ಕುಂದರತಾರ, ನಾನು ಒಳಗ ರೊಟ್ಟಿ ಬಡೀತಿರ್ತೇನಿ. ‘ಎಡದಿಂದ ಬಲಕ್ಕೆ ಮೂರು, ನಾಕು ಅಕ್ಷರ’ ಅಂತ ಅವರು ಒದರಿದ್ರ ನಾನು ಒಳಗಿಂದ ಉತ್ತರ ಹೇಳೂದು. ಪುರಾಣ, ರಾಜಕಾರಣ, ಕ್ರಿಕೆಟ್ ಅವರದು. ಅಡಗಿ, ಗಿಡಗಂಟಿ, ಬೀಗತನ, ಹಳೇ ಸಿನೆಮಾ ನಂದು. ನಾನು ಓದಿದ್ದು ಪಿಯುಸಿ ತನಕ. ಖರೇ ಅಂದ್ರ ‘ಅರವಿಂದ’ ಅಂದ್ರ ಕಮಲ, ‘ಅನಿಲ’ ಅಂದ್ರ ಗಾಳಿ ಅನ್ನೂದು ನನಗ ತಲ್ಯಾಗ ಕುಂತಿದ್ದು ಈ ಮನಿಗಳನ್ನ ತುಂಬಿ ತುಂಬಿನ.

ನಮ್ಮ ಕಡೆಯವರಿಗೆ ಪದಬಂಧದಾಗ ಒಂದು ತ್ರಾಸು ಐತಿ. ಬರಿಯವರು ಬೆಂಗಳೂರು ಮೈಸೂರು ಮಾತು ಬರೀತಾರ. ನಾವು ಉಳ್ಳಾಗಡ್ಡಿ ಅಂತೇವಿ, ನಾಕು ಮನಿ ಬೇಕು. ಅಲ್ಲಿ ಇರೂದು ಮೂರ, ಯಾಕಂದ್ರ ಅವರದು ಈರುಳ್ಳಿ. ನಮ್ಮ ಶೇಂಗಾಕ್ಕ ಎರಡ ಮನಿ ಸಾಕು, ಅವರ ಕಡಲೆಕಾಯಿಗೆ ಐದು ಬೇಕು. ಎಲ್ಲಕ್ಕಿಂತ ಮೋಸ ಮಾಡೂದು ಬಳ್ಳೊಳ್ಳಿ. ನಮ್ಮದೂ ಮೂರು, ಅವರ ಬೆಳ್ಳುಳ್ಳಿನೂ ಮೂರು. ಧೈರ್ಯಲೆ ಬರದ ಬಿಡ್ತೇವಿ, ಮ್ಯಾಲಿಂದ ಕೆಳಗ ಬರೂ ಶಬ್ದ ಕೂಡಂಗಿಲ್ಲ ಅಂದಾಗ ಗೊತ್ತಾಗ್ತೈತಿ.

ಕನ್ನಡದಾಗ ಒಂದು ಮನ್ಯಾಗ ಒಂದು ಪೂರಾ ಅಕ್ಷರ, ಒತ್ತು, ದೀರ್ಘ, ಸೊನ್ನಿ ಎಲ್ಲಾ ಕೂಡಿ. ನಮ್ಮ ನರಗುಂದನ ನೋಡ್ರಿ, ನಾಕು ಮನಿ. ‘1858ರಲ್ಲಿ ಬಾಬಾಸಾಹೇಬ ಬಂಡೆದ್ದ ಊರು’ ಅಂತ ಸುಳುವು ಕೊಟ್ಟ್ರ ಸಣ್ಣ ಹುಡುಗರೂ ಹೇಳ್ತಾವು. ಆದ್ರ ‘ಗುಂ’ ಇರೂ ಮನ್ಯಾಗಿಂದ ಕೆಳಗ ಇಳೀಬೇಕಂದ್ರ ಗುಂಪೋ, ಗುಂಡಿಗೆನೋ ಬೇಕು, ಗುಡಿ ನಡಿಯಂಗಿಲ್ಲ. ಇಂಗ್ಲಿಷಿನವರಿಗೆ ಈ ತ್ರಾಸ ಇಲ್ಲ. ಅವರದು ಒಂದ ಒಂದು ಅಕ್ಷರ, ಎಲ್ಲಿ ಬೇಕಾದ್ರೂ ಕೂಡ್ತೈತಿ. ಈ ಆಟ ಶುರು ಆದದ್ದೂ ಅವರಲ್ಲೇ, 1913ರ ಡಿಸೆಂಬರ್ 21ಕ್ಕ ನ್ಯೂಯಾರ್ಕಿನ ಪೇಪರಿನ್ಯಾಗ ಆರ್ಥರ್ ವಿನ್ ಅನ್ನಾಂವ ಮೊದಲ ಸಲ ಹಾಕಿದ್ದಂತ. ನಮ್ಮ ಕನ್ನಡದಾಗ ಕೋಲಾರ ಕಡೆ ಅ.ನಾ. ಪ್ರಹ್ಲಾದರಾವ್ ಅವರು ಸಾವಿರಾರು ಪದಬಂಧ ಕಟ್ಟಿ ಲಿಮ್ಕಾ ದಾಖಲೆಗೆ ಹೋಗ್ಯಾರ. ಒಂದು ತುಂಬಾಕ ನಮಗ ಮುಂಜಾನೆ ಕಳೀತೈತಿ, ಕಟ್ಟವರ ತಲಿ ಹೆಂಗಿರಬೇಕು!

ಇನ್ನ ನಾಯಿ ವಿಷಯ. ಪದಬಂಧದಾಗ ನಾಯಿಗೆ ಇರುವಷ್ಟು ಹೆಸರು ಮನಿ ಅಳಿಯಾಗೂ ಇರಂಗಿಲ್ಲ. ಎರಡು ಮನಿ ಇದ್ರ ಶ್ವಾನ ಇಲ್ಲಾ ಕುನ್ನಿ, ಮೂರು ಇದ್ರ ಶುನಕ, ನಾಕು ಇದ್ರ ಗ್ರಾಮಸಿಂಹ ಇಲ್ಲಾ ಸಾರಮೇಯ. ಸಾರಮೇಯ ಅಂದ್ರ ಸರಮೆ ಮಕ್ಕಳು. ಸರಮೆ ದೇವತೆಗಳ ಹೆಣ್ಣುನಾಯಿ, ಪಣಿಗಳು ಬಚ್ಚಿಟ್ಟ ಆಕಳುಗಳನ್ನ ಹುಡುಕಿ ಕೊಟ್ಟಾಕಿ.

ನಮ್ಮಲ್ಲಿ ಇರೂ ಸಾರಮೇಯರು ಇಬ್ಬರು. ಕರಿಯಾ ಹನ್ನೆರಡು ವರ್ಷದ ಮುದುಕ. ಮಗ ಹುಬ್ಬಳ್ಳಿಗೆ ಕಾಲೇಜಿಗೆ ಹೋದ ವರ್ಷ ಹತ್ತಿ ಹೊಲದ ಬದುವಿನ್ಯಾಗ ಸಿಕ್ಕಿತ್ತು. ಈಗ ಒಂದು ಕಣ್ಣು ಹೋಗೇತಿ, ಕಿವಿ ಮಂದ. ರಾಣಿಗೆ ನಾಕು ವರ್ಷ. ಅದರ ಸಪೂರ ಕಾಲು ನೋಡಿ ಇವರು ‘ಇದು ಮುಧೋಳ ಜಾತಿ’ ಅಂತ ಬಂದವರ ಮುಂದೆಲ್ಲಾ ಹೇಳತಾರ. ರಾಮದುರ್ಗ, ಲೋಕಾಪುರ ದಾಟಿದ್ರ ಮುಧೋಳ. ಅಲ್ಲಿಯ ಘೋರ್ಪಡೆ ರಾಜರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಮರಿ ಕೊಟ್ಟಿದ್ರು, 2005ರಾಗ ಆ ನಾಯಿದು ಅಂಚೆ ಚೀಟಿನೂ ಬಂತು. ನಮ್ಮ ರಾಣಿ ಬೆಕ್ಕಿಗೆ ಹೆದರಿ ಒಲಿ ಮುಂದ ಬಂದು ಕುಂದರತೈತಿ. ಯಾವ ಜಾತಿನೋ ನೀವ ತಿಳಕೋರಿ.

ಒಂದು ಮಾತು ಮರೀಬ್ಯಾಡ್ರಿ, ನಾಯಿಗೆ ಉಳಿದ ಸಾರು ಹಾಕವರು ಉಳ್ಳಾಗಡ್ಡಿ ಬಳ್ಳೊಳ್ಳಿ ಹಾಕಿದ್ದು ಹಾಕಬ್ಯಾಡ್ರಿ. ಅದು ಅವಕ್ಕ ವಿಷ, ರಕ್ತ ಕೆಡಸತೈತಿ. ದ್ರಾಕ್ಷಿ, ಚಾಕೊಲೇಟೂ ಹಂಗ.

ಜಗಳ ಶುರು ಆದದ್ದು ಯುಗಾದಿಗೆ. ಮಗ ಬಂದು, ‘ಅಪ್ಪಾ ರಿಟೈರ್ ಆದ್ರು, ಇಲ್ಲೇನು ಮಾಡ್ತೀರಿ, ಬೆಂಗಳೂರಿಗೆ ಬಂದುಬಿಡ್ರಿ’ ಅಂದ. ಮೊಮ್ಮಗಳು ಸಣ್ಣಾಕಿ, ಸೊಸಿ ನೌಕರಿಗೆ ಹೋಗ್ತಾಳ. ಅವರಿಗೆ ನಾವು ಬೇಕು, ಅದು ಸುಳ್ಳಲ್ಲ. ನಮ್ಮನಿಯವ್ರು ತಯಾರಾಗೇ ಬಿಟ್ರು. ‘ನಾಯಿ ಬಾಜೂ ಮನಿಯವರು ನೋಡ್ತಾರ’ ಅಂದ್ರು. ರಾಣಿನ್ನ ಯಾರರೆ ನೋಡ್ಯಾರು. ಕರಿಯಾ ನನ್ನ ಕೈಯಾಗಿಂದ ಬಿಟ್ರ ಯಾರ ಕೈಲೂ ತಿನ್ನಂಗಿಲ್ಲ. ಹೋದ ವರ್ಷ ಮದುವಿಗಂತ ಮೂರು ದಿನ ವಿಜಯಪುರಕ್ಕ ಹೋದಾಗ ಮೂರೂ ದಿನ ಬಾಗಲಾ ಬಿಟ್ಟು ಏಳಲಿಲ್ಲಂತ, ನೀರಷ್ಟ ಕುಡೀತಂತ. ಮೂರನೇ ಮಜಲಿಯ ಫ್ಲಾಟಿಗೆ ಈ ಕುರುಡ ಮುದುಕನ್ನ ಲಿಫ್ಟಿನ್ಯಾಗ ಏರಿಸಿ ಇಳಿಸೂದು ಆಗೂ ಮಾತಲ್ಲ.

‘ಮೊಮ್ಮಗಳಿಗಿಂತ ನಾಯಿ ಹೆಚ್ಚಾತೇನು ನಿನಗ?’ ಅಂದ್ರು ಇವರು. ಆ ಮಾತು ಎರಡು ದಿನ ನನಗ ಊಟ ಸೇರಿಸಲಿಲ್ಲ. ಹೆಚ್ಚು ಕಡಿಮಿ ಪ್ರಶ್ನೆನ ಅಲ್ಲ ಅದು. ಮೊಮ್ಮಗಳಿಗೆ ಅಪ್ಪ ಅವ್ವ ಅದಾರ, ಇವರೂ ಹೋಗ್ತಾರ. ಕರಿಯಾಗ ಯಾರದಾರ? ಮಂಡ್ಯ ಜಿಲ್ಲೆಯ ಆತಕೂರಿನ್ಯಾಗ ಸಾವಿರ ವರ್ಷದ ಹಿಂದ ಒಂದು ನಾಯಿಗೆ ಕಲ್ಲು ನಿಲ್ಲಿಸ್ಯಾರ, ಕ್ರಿ.ಶ. 949ರ ಸುಮಾರಿಗೆ. ಮಣಲೇರ ಅನ್ನೂ ವೀರಗ ಅರಸ ಏನು ಬೇಕು ಕೇಳು ಅಂದ್ರ, ಹೊನ್ನು ಕೇಳಲಿಲ್ಲ, ಕಾಳಿ ಅನ್ನೂ ನಾಯಿ ಕೇಳಿದ. ಆ ಕಾಳಿ ಹಂದಿ ಕೂಡ ಕಾದಾಡಿ ಎರಡೂ ಸತ್ತವು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್‌ನಾಗ ಐತಿ. ಅಂಥಾ ಅರಸರ ಕಾಲದವರಿಗೆ ನಾಯಿ ಹೆಚ್ಚಾದ್ರ ತಪ್ಪಿಲ್ಲ, ನರಗುಂದದ ಹೆಣ್ಣಮಗಳಿಗೆ ಅಷ್ಟ ತಪ್ಪೇನು?

ಕಡೀಕ ಇವರನ್ನ ಒಬ್ಬರನ್ನ ಕಳಿಸಿದೆ. ಕರಿಯಾ ಇರೂ ತನಕ ನಾ ಇಲ್ಲೇ ಅಂತ ಮಗಗೂ ಹೇಳೇನಿ. ಅಂವ ಸಿಟ್ಟಾಗ್ಯಾನ, ಮೊದಲಿನಂಗ ದಿನಾ ಫೋನ್ ಮಾಡಂಗಿಲ್ಲ. ಅದು ನನಗ ಚುಚ್ಚತೈತಿ, ಆದ್ರ ಹೇಳಿದ ಮಾತು ಹಿಂದ ತಗೊಳ್ಳಂಗಿಲ್ಲ.

ಇವರು ಮಾಡ್ತಾರ. ಅಲ್ಲೂ ಅದೇ ಪೇಪರ್, ಅದೇ ಪದಬಂಧ. ಎಂಟೂವರಿಗೆ ಫೋನ್ ಬಂತಂದ್ರ ‘ಹೆಂಗಿದ್ದಿ’ ಅನ್ನೂದಕ್ಕಿಂತ ಮೊದಲ ‘ಮ್ಯಾಲಿಂದ ಕೆಳಗ ಏಳು’ ಅಂತಾರ. ನಾನೂ ಇಲ್ಲೆ ಪೆನ್ಸಿಲ್ ಹಿಡದಿರ್ತೇನಿ, ರೊಟ್ಟಿ ಆಮ್ಯಾಲ. ಸ್ಪೀಕರ್ ಹಾಕಿದ್ರ ಮಂದ ಕಿವಿಯ ಕರಿಯಾಗ ಅದ ಹೆಂಗ ಕೇಳತೈತೋ, ಬಾಗಲಾ ಕಡೆ ಹೊಳ್ಳಿ ಬಾಲ ಅಲ್ಲಾಡಸತೈತಿ. ಮೊನ್ನೆ ಮೊಮ್ಮಗಳು ಅಜ್ಜನ ಕೈಯಾಗಿನ ಫೋನ್ ಕಸಗೊಂಡು ‘ಕಯ್ಯಾ, ಕಯ್ಯಾ’ ಅಂತ ಕರದ್ಲು.

ಸೋಮವಾರ ಕರಿಯಾಗ ವರ್ಷದ ಹುಚ್ಚುನಾಯಿ ರೋಗದ ಸೂಜಿ ಹಾಕಿಸಬೇಕು. ಅದಕ್ಕ ನಡಿಯೂದು ಆಗಂಗಿಲ್ಲ. ಯಾರರೆ ದನದ ದವಾಖಾನಿ ಕಡೆ ಆಟೋ ಮಾಡಿ ಹೊಂಟ್ರ ನನಗೊಂದು ಮಾತು ಹೇಳ್ರಿ, ಅರ್ಧ ಬಾಡಿಗಿ ನಾ ಕೊಡ್ತೇನಿ.